ಗುಂಡುಸೂಜಿಯ ಚೀಟಿ

ರುದ್ರೇಶ ನಾಲ್ಕನೇ ಸಲ ಸೀಡಿಯನ್ನು ಹೊರಗೆ ತೆಗೆದು, ಅಂಗಿಯ ತುದಿಯಲ್ಲಿ ಒರೆಸಿ, ಮತ್ತೆ ಒಳಗೆ ತಳ್ಳಿದ. ಕಂಪ್ಯೂಟರು ಗೊರಗೊರ ಸದ್ದು ಮಾಡಿ ಅದೇ ಪಟ್ಟಿಯನ್ನು ತೋರಿಸಿತು. ಸಾವಿರದ ನಾನೂರ ಚಿಲ್ಲರೆ ಬರಹಗಳು, ನೂರಾರು ಹೆಸರುಗಳು. ಸದಾಶಿವಯ್ಯ ಎನ್ನುವ ಹೆಸರು ಮಾತ್ರ ಇರಲಿಲ್ಲ.

ಅದು ಬಿಳಿಗೆರೆಯ ಗೆಳೆಯರ ಕೂಟದ ಕೋಣೆ. ಎರಡು ಬೀದಿ ಆಚೆ ಸದಾಶಿವಯ್ಯನವರಿಗೆ ವಿಭೂತಿ ಹಚ್ಚಿ ಪಡಸಾಲೆಯಲ್ಲಿ ಕೂರಿಸಿದ್ದರು. ಭಜನೆಯ ತಾಳ ಇಲ್ಲಿಗೂ ಕೇಳುತ್ತಿತ್ತು. ಎರಡು ಗಂಟೆಗೆ ತೋಟಕ್ಕೆ ಒಯ್ಯುವುದೆಂದು ಅಯ್ನೋರು ಹೇಳಿಯಾಗಿತ್ತು. ಕೂಟದಲ್ಲಿ ಒಂದು ಪದ್ಧತಿ ಇತ್ತು. ಸದಸ್ಯರು ಯಾರೇ ತೀರಿಕೊಳ್ಳಲಿ, ಮಣ್ಣೆಳೆಯುವ ಮುಂಚೆ, ಕೂಟದ ಕೈಬರಹದ ಮಾಸಪತ್ರಿಕೆ ‘ಗರಿ’ಯಲ್ಲಿ ಅವರು ಬರೆದದ್ದನ್ನು ಕಾರ್ಯದರ್ಶಿಯಾದವನು ಗುಂಡಿಯ ಪಕ್ಕ ನಿಂತು ಓದಬೇಕು. ಹುರುಳಿ ಸಾರು ಮಾಡುವ ವಿಧಾನ ಬಿಟ್ಟರೆ ಜೀವಮಾನದಲ್ಲಿ ಇನ್ನೇನೂ ಬರೆಯದಿದ್ದ ಕೆಂಚಪ್ಪನವರು ಹೋದಾಗ ಅದನ್ನೇ, ಒಗ್ಗರಣೆಯ ಸಮೇತ, ಓದಿದ್ದರು. ಯಾರೂ ನಕ್ಕಿರಲಿಲ್ಲ.

ಈಗ ಕಾರ್ಯದರ್ಶಿ ರುದ್ರೇಶ. ಹದಿನಾರು ವರ್ಷ ಸೈಕಲ್ಲಿನ ಹಿಂದೆ ಗರಿಯನ್ನು ಕಟ್ಟಿಕೊಂಡು ಮನೆಮನೆ ತಿರುಗಿದ ಸದಾಶಿವಯ್ಯನವರ ಹೆಸರಿನಲ್ಲಿ ಓದಲು ಅವನ ಕೈಯಲ್ಲಿ ಒಂದು ಸಾಲೂ ಇರಲಿಲ್ಲ.

ಮೊದಲು ಅವನಿಗೆ ತನ್ನ ಮೇಲೇ ಅನುಮಾನ ಬಂತು. ಗರಿಯನ್ನು ಸ್ಕ್ಯಾನ್ ಮಾಡಿ ಸೀಡಿಗೆ ಹಾಕುವಾಗ ಪುಟಗಳೇನಾದರೂ ತಪ್ಪಿದವೇ? ನೋಡೋಣವೆಂದರೆ ಕಾಗದವೂ ಇಲ್ಲ. ಗೆದ್ದಲು ಹತ್ತಿದ್ದ ಹಳೆಯ ಸಂಚಿಕೆಗಳನ್ನು, ‘ಎಲ್ಲಾ ಸೀಡಿಲಿ ಬಂದದೆ’ ಎಂಬ ಅವನ ಮಾತಿನ ಮೇಲೆಯೇ, ಕೂಟದವರು ಹೋದ ವರ್ಷ ಸುಟ್ಟಿದ್ದರು.

ಸಾವಿನ ಮನೆಯ ಜಗಲಿಗೆ ಹೋಗಿ ಸುತ್ತು ಬಳಸಿ ವಿಚಾರಿಸಿದ. ಅಲ್ಲಿ ಗೊಂದಲ ಇನ್ನೂ ಹೆಚ್ಚಾಯಿತು. ಒಬ್ಬರು, ಸದಾಶಿವಯ್ಯ ಕೆರೆಯ ತೂಬಿನ ವಿಷಯ ಬರೆದದ್ದು ತಮಗೆ ಚೆನ್ನಾಗಿ ನೆನಪಿದೆ ಎಂದರು. ಇನ್ನೊಬ್ಬರು, ತೂಬಲ್ಲ, ಸೊಸೆಗೆ ಹೆರಿಗೆಯಾದದ್ದು ಎಂದರು. ಮೂಗಿಲಿಗಳ ಕಾಟ ಎಂದು ಮೂರನೆಯವರು ಆಣೆ ಮಾಡಲು ಸಿದ್ಧರಾದರು. ಸದಾಶಿವಯ್ಯನವರಿಗೆ ಮಕ್ಕಳೇ ಇರಲಿಲ್ಲ, ಸೊಸೆ ಎಲ್ಲಿಂದ ಬಂದಳು? ಕಂಬಕ್ಕೆ ಒರಗಿಕೊಂಡು ಬಿಳಿಯ ಹಣೆಯ ಆ ಮುಖವನ್ನು ನೋಡುತ್ತ ನಿಂತವನಿಗೆ, ಈ ಮನುಷ್ಯ ಯಾರೆಂದೇ ತನಗೆ ಗೊತ್ತಿಲ್ಲವಲ್ಲ ಎನ್ನಿಸಿ ದಿಗಿಲಾಯಿತು.

*

ಹೋದ ಬೇಸಿಗೆಯಲ್ಲಿ ಸದಾಶಿವಯ್ಯ ತಿಪಟೂರಿನ ಅವನ ಡಿಟಿಪಿ ಅಂಗಡಿಗೆ ಎರಡು ಮೂಟೆ ಗರಿಯನ್ನು ಬಸ್ಸಿನಲ್ಲಿ ತಂದಿಳಿಸಿದ್ದರು. ಪ್ರತಿ ಸಂಚಿಕೆಯ ಕೊನೆಯ ಪುಟಕ್ಕೂ ಒಂದಿಷ್ಟು ಚೀಟಿಗಳನ್ನು ತುಕ್ಕು ಹಿಡಿದ ಗುಂಡುಸೂಜಿಯಿಂದ ಚುಚ್ಚಿತ್ತು.

‘ಈ ಚೀಟಿ ಬೇಡ ದೊಡ್ಡಪ್ಪ. ಪುಸ್ತಕ ತಲುಪಿದ್ದಕ್ಕೆ ರುಜು ಹಾಕ್ಸ್ಕೊಂಡಿರೋದು ತಾನೆ? ಸೂಜಿ ತಗುಲಿದ್ರೆ ಸ್ಕ್ಯಾನರ್ ಗಾಜು ಗೀರೋಯ್ತದೆ,’ ಎಂದಿದ್ದ ರುದ್ರೇಶ. ಹತ್ತನೇ ವಯಸ್ಸಿಗೇ ಹಾಸ್ಟೆಲ್ ಸೇರಿದವನು ಅವನು. ಗರಿ ಮನೆಗೆ ಬರುತ್ತಿದ್ದುದು ಗೊತ್ತಿತ್ತೇ ಹೊರತು ಹೇಗೆ ಬರುತ್ತಿತ್ತು ಎನ್ನುವುದು ಗೊತ್ತಿರಲಿಲ್ಲ.

‘ಬೇಡ್ವಾ?’ ಎಂದರು ಸದಾಶಿವಯ್ಯ. ಮೇಲಿದ್ದ ಸಂಚಿಕೆಯ ಸೂಜಿಯನ್ನು ಬೆರಳಲ್ಲಿ ಸವರಿ, ‘ಗಾಜು ಗೀರಬಾರ್ದು ಬುಡು,’ ಎಂದು ನೆಲದ ಮೇಲೆ ಕೂತರು. ಮೂರು ದಿನ ಕೂತು ಒಂದೊಂದೇ ಸೂಜಿ ಕಿತ್ತು, ಚೀಟಿಗಳನ್ನು ಖಾಲಿ ಸಿಮೆಂಟ್ ಚೀಲಕ್ಕೆ ತುಂಬಿದರು.

ನಡುವೆ ಒಂದು ತಕರಾರು ಬಂತು. ಗೋವಿಂದಯ್ಯ ಮೇಷ್ಟ್ರು ಬರೆದ ‘ಬಾವಿಕಟ್ಟೆ’ ಎಂಬ ಧಾರಾವಾಹಿ. ಎಂಬತ್ಮೂರರ ಜುಲೈನಲ್ಲಿ ಪಾರ್ವತಿ ಎಂಬುವಳು ಹಸುಗೂಸನ್ನು ದಂಡೆಯ ಮೇಲೆ ಮಲಗಿಸಿ ಬಾವಿಗೆ ಬೀಳುತ್ತಾಳೆ, ನೀರು ಮುಚ್ಚಿಕೊಳ್ಳುತ್ತದೆ. ಆಗಸ್ಟಿನಲ್ಲಿ ಅದೇ ಬಾವಿಯಿಂದ ನೀರು ಸೇದುತ್ತಾ ಮಗುವನ್ನು ಗದರುತ್ತಿದ್ದಾಳೆ. ಸತ್ತವಳು ನೀರು ಸೇದುತ್ತಾಳೆಯೇ? ಹೊಲಿಗೆ ಬಿಚ್ಚಿದ ಪುಸ್ತಕ, ರಟ್ಟುಗಳು ಅದಲುಬದಲಾಗಿರಬೇಕು ಎಂದುಕೊಂಡ ರುದ್ರೇಶ ಎರಡನ್ನೂ ತಿರುಗಾ ಮುರುಗಾ ಮಾಡಿ ಸರಿಪಡಿಸಿದ. ಸೀಡಿಯಲ್ಲಿ ಪಾರ್ವತಿ ಮೊದಲು ನೀರು ಸೇದಿದಳು, ಆಮೇಲೆ ಸತ್ತಳು.

‘ಅವ್ಳು ಸಾಯಲ್ಲ ಕಣಪ್ಪ,’ ಎಂದಿದ್ದರು ಸದಾಶಿವಯ್ಯ, ಸೂಜಿ ಕೀಳುತ್ತಲೇ.

‘ನಿಮ್ಗೆ ಮರ್ತಿರ್ಬೇಕು ದೊಡ್ಡಪ್ಪ.’

ಅವರು ಮುಂದಿನ ಸಂಚಿಕೆಯ ಸೂಜಿಗೆ ಕೈ ಹಾಕಿದರು. ಸಾಯಂಕಾಲ ಚೀಲದ ಬಾಯಿ ಕಟ್ಟಿ, ತಾವೇ ಹೆಗಲಿಗೇರಿಸಿಕೊಂಡು ಬಸ್ ಸ್ಟ್ಯಾಂಡಿಗೆ ಹೋದರು.

*

ಹನ್ನೆರಡೂವರೆಗೆ ರುದ್ರೇಶ ಮಾನ ಮರ್ಯಾದೆ ಬದಿಗಿಟ್ಟು ಗೋವಿಂದಯ್ಯ ಮೇಷ್ಟ್ರ ಮುಂದೆ ನಿಂತ. ಹದಿನಾರು ವರ್ಷ ಗರಿಯ ಸಂಪಾದಕರಾಗಿದ್ದವರು ಅವರು. ಸೀಡಿಯಲ್ಲಿ ದೊಡ್ಡಪ್ಪನವರ ಬರಹ ಸಿಕ್ಕುತ್ತಿಲ್ಲ, ಎಲ್ಲೋ ಎಡವಟ್ಟಾಗಿದೆ ಎಂದು ಒಪ್ಪಿಕೊಂಡ.

‘ಪಟ್ಟಿಲಿ ಯಾಕಪ್ಪ ಹುಡುಕ್ತೀಯ?’ ಎಂದರು ಮೇಷ್ಟ್ರು. ‘ಅವ್ನು ಒಂದು ಕತೆ ಬರೀಲಿಲ್ಲ, ಪದ್ಯ ಬರೀಲಿಲ್ಲ. ಓದೋಕೆ ಬರ್ದೇ ಇರೋ ಮನೆಗಳಲ್ಲಿ ಕೂತು ಇಡೀ ಪುಸ್ತಕ ಓದಿ ಹೇಳೋನು. ಕೇಳ್ದೋರು ಏನಂದ್ರೋ ಅದನ್ನ ಬರ್ಕೊಂಡು ಬರೋನು. ಚೀಟಿಲಿ ನೋಡು.’

ಚೀಟಿ ಎಂದೊಡನೆ ರುದ್ರೇಶನಿಗೆ ಸಿಮೆಂಟ್ ಚೀಲ ನೆನಪಾಯಿತು. ತಾನು ರಶೀದಿ ಎಂದುಕೊಂಡವು. ಒಂದನ್ನಾದರೂ ತಿರುಗಿಸಿ ನೋಡಿರಲಿಲ್ಲ. ಮೂರು ದಿನ ಆ ಮನುಷ್ಯನ ಕೈಯಿಂದಲೇ ಅವರ ಬರಹವನ್ನೆಲ್ಲ ಕೀಳಿಸಿದ್ದ.

ಒಳಗೆ ಶಿವರುದ್ರಮ್ಮ ಗಂಡನ ಪಕ್ಕ ಗೋಡೆಗೆ ಆನಿಕೊಂಡು ಕೂತಿದ್ದರು. ಅವನು ಬಗ್ಗಿ ಮೆಲ್ಲಗೆ ಸಿಮೆಂಟ್ ಚೀಲದ ವಿಷಯ ಕೇಳಿದ. ಆಕೆಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು.

‘ಅಟ್ಟದ ಮೇಲದೆ ನೋಡಪ್ಪ,’ ಎಂದರು. ‘ಕಾಯಿ ಒಣಗೋ ಜಾಗ, ಹುಳ ಹತ್ತಲ್ಲ ಅಂತಿದ್ರು. ಮಳೆಗಾಲ ಪೂರಾ ಅದನ್ನೇ ಜೋಡುಸ್ತಾ ಕೂತಿದ್ರು. ಯಾರೂ ಕೇಳೋದಿಲ್ಲ ಬುಡಿ ಅಂದ್ರೆ, ಕೇಳಿದ್ರೆ ಇರ್ಲಿ ಅನ್ನೋರು.’

ಏಣಿ ಹತ್ತಿದ. ಕೊಬ್ಬರಿಗೆಂದು ಹರಡಿದ ಕಾಯಿಗಳು ಸೂರಿನ ಅಂಚಿನವರೆಗೂ ಇದ್ದವು. ಮೂಲೆಯಲ್ಲಿ, ಹಲಗೆಯ ಮೇಲೆ, ತೆಂಗಿನ ನಾರಿನಿಂದ ಕಟ್ಟಿದ ಹದಿನೆಂಟು ಕಟ್ಟುಗಳು. ಸಂಚಿಕೆಯ ಲೆಕ್ಕದಲ್ಲಿ ಕಟ್ಟಿರಲಿಲ್ಲ, ಮನೆಯ ಲೆಕ್ಕದಲ್ಲಿ ಕಟ್ಟಿದ್ದರು. ಮೇಲಿನ ಚೀಟಿಯಲ್ಲಿ ದುಂಡಗಿನ ಅಕ್ಷರದ ಹೆಸರು: ಚೌಡಮ್ಮನ ಮನೆ. ಹುಚ್ಚರಂಗಯ್ಯನ ಮನೆ. ತಿಪ್ಪಯ್ಯನ ಮನೆ. ತೂಬು, ಹೆರಿಗೆ, ಮೂಗಿಲಿ, ಎಲ್ಲವೂ ಅಲ್ಲಿದ್ದವು, ಆಡಿದವರ ಹೆಸರಿನಲ್ಲಿ.

ಒಂಬತ್ತನೇ ಕಟ್ಟಿನ ಮೇಲೆ ‘ಸಿದ್ದಗಂಗಮ್ಮನ ಮನೆ’ ಎಂದಿತ್ತು.

ಸಿದ್ದಗಂಗಮ್ಮ ರುದ್ರೇಶನ ತಾಯಿ. ಹೆಬ್ಬೆಟ್ಟು ಒತ್ತುತ್ತಿದ್ದವಳು, ಹೋಗಿ ಹನ್ನೊಂದು ವರ್ಷವಾಗಿತ್ತು. ಅವಳ ಒಂದು ಫೋಟೋ ಇತ್ತು, ಒಂದು ಸೀರೆ ಇತ್ತು. ಮಾತು ಎಲ್ಲಾದರೂ ಉಳಿದಿದ್ದೀತು ಎಂದು ಅವನು ಕನಸಿನಲ್ಲೂ ನೆನೆದಿರಲಿಲ್ಲ. ಕಟ್ಟು ಬಿಚ್ಚಿ ಒಂದೊಂದೇ ಚೀಟಿ ತಿರುವಿದ. ಕೆಳಗಿನಿಂದ ಯಾರೋ ಹೊತ್ತಾಯಿತೆಂದು ಕೂಗಿದರು.

*

ತೋಟದಲ್ಲಿ, ಎರಡು ಮರಗಳ ನಡುವೆ, ಸದಾಶಿವಯ್ಯನವರನ್ನು ಕೂತ ಹಾಗೆಯೇ ಇಳಿಸಿದರು. ಅಯ್ನೋರು ಬಿಲ್ವಪತ್ರೆ ಹಾಕಿಸಿ, ಇನ್ನು ನಿಮ್ಮದು ಆಗಲಿ ಎನ್ನುವಂತೆ ಕೂಟದವರ ಕಡೆ ನೋಡಿದರು. ರುದ್ರೇಶ ಜೇಬಿನಿಂದ ಚೀಟಿ ತೆಗೆದ. ಮಡಿಕೆ ಬಿಚ್ಚಿ ಓದಿದ.

‘ಜುಲೈ ಎಂಬತ್ಮೂರು. ಬಾವಿಕಟ್ಟೆ ಕತೆಗೆ ಸಿದ್ದಗಂಗಮ್ಮ ಹೇಳಿದ್ದು. ಕತೆ ಚೆಂದಾಗದೆ. ಆದ್ರೆ ಆ ಹೆಣ್ಮಗಳು ಬಾವಿಗೆ ಬೀಳಬಾರ್ದಾಗಿತ್ತು. ಮಗೀಗೆ ಯಾರು ಉಣ್ಣಾಕಿಕ್ತಾರೆ? ಬರ್ದೋರಿಗೆ ಹೇಳಿ, ಬರೋ ತಿಂಗಳು ಅವಳನ್ನ ಮೇಲಕ್ಕೆತ್ತಲಿ. ನಂಗೂ ಒಬ್ಬ ಮಗ ಅವ್ನೆ, ಹಾಸ್ಟೆಲ್ನಾಗೆ. ರಾತ್ರಿ ನಿದ್ದೆ ಬರಾಕಿಲ್ಲ.’

ಗೋವಿಂದಯ್ಯ ಮೇಷ್ಟ್ರು ಕನ್ನಡಕ ತೆಗೆದು ಪಂಚೆಯಲ್ಲಿ ಒರೆಸಿದರು.

‘ಅದಕ್ಕೇ ಎತ್ತಿದ್ದು ಕಣಪ್ಪ,’ ಎಂದರು. ‘ಇವ್ನು ಆ ಚೀಟಿ ಕೊಟ್ಟು ಬಾಗಿಲಲ್ಲೇ ನಿಂತ್ಕೊಂಡ. ಆಯಮ್ಮಂಗೆ ಏನ್ ಹೇಳ್ಲಿ ಮೇಷ್ಟ್ರೇ ಅಂತ. ಎತ್ತುತೀನಿ ಅಂತ ನಾನು ಒಪ್ಕೊಳ್ಳೋವರ್ಗೂ ಸೈಕಲ್ ಹತ್ಲಿಲ್ಲ.’

ರುದ್ರೇಶ ಚೀಟಿಯನ್ನು ಮಡಿಸಿದ. ಅವ್ವ ಬದುಕಿಸಿದವಳನ್ನು ತಾನು ಸಾಯಿಸಿ ಸೀಡಿಯಲ್ಲಿ ಮುಚ್ಚಿಟ್ಟಿದ್ದ. ಅದನ್ನು ಬಲ್ಲ ಒಬ್ಬರೇ ಒಬ್ಬರು ಎದುರಿಗೇ ಕೂತು ಸೂಜಿ ಕೀಳುತ್ತಿದ್ದರು. ಅಳು ಬಂತು, ಅವನು ತಡೆಯಲಿಲ್ಲ. ಜನ ಒಬ್ಬೊಬ್ಬರಾಗಿ ಹಿಡಿ ಹಿಡಿ ಮಣ್ಣು ಹಾಕಿದರು.

ಎಲ್ಲರೂ ಮನೆಯ ಕಡೆ ಹೊರಟ ಮೇಲೂ ಚೌಡಮ್ಮ ಮಾತ್ರ ಕೋಲೂರಿಕೊಂಡು ನಿಂತೇ ಇದ್ದಳು. ಎಂಬತ್ತರ ಮುದುಕಿ, ಮೊದಲ ಕಟ್ಟಿನ ಚೌಡಮ್ಮ. ಅವನ ತೋಳು ಮುಟ್ಟಿ, ‘ನಂದೂ ಒಂದು ಬರ್ಕಳಪ್ಪ,’ ಎಂದಳು. ‘ಬರ್ಕಣೋರು ಅಲ್ಲಿ ಕುಂತವ್ರೆ. ನೀನೇ ಬರ್ಕ.’

ಬರೆಯಲು ಕಾಗದವಿರಲಿಲ್ಲ. ರುದ್ರೇಶ ಜೇಬಿನಿಂದ ಸೀಡಿಯ ಡಬ್ಬಿ ತೆಗೆದು, ಅದರ ಮುಖಕ್ಕೆ ತಾನೇ ಬಣ್ಣದಲ್ಲಿ ಅಚ್ಚು ಹಾಕಿದ್ದ ‘ಗರಿ: ಸಂಪೂರ್ಣ’ ಎಂಬ ಹಾಳೆಯನ್ನು ಎಳೆದು, ಖಾಲಿ ಮಗ್ಗುಲಿಗೆ ತಿರುಗಿಸಿದ. ತೆಂಗಿನ ಮಟ್ಟೆಯ ಗುಡ್ಡೆಯ ಮೇಲೆ ಕೂತು, ಹಾಳೆಯನ್ನು ತೊಡೆಯ ಮೇಲಿಟ್ಟು, ‘ಚೌಡಮ್ಮ ಹೇಳಿದ್ದು’ ಎಂದು ಬರೆದ. ಚೌಡಮ್ಮ ಹಸಿ ಮಣ್ಣಿನ ಕಡೆ ನೋಡುತ್ತಿದ್ದಳು. ಅವನು ಪೆನ್ನು ಎತ್ತದೆ ಕಾಯುತ್ತ ಕೂತ.