ಬಂದ ಕಾರಣ: ಹೊಲಿಗೆ

೧

ಹನ್ನೊಂದನೆಯ ಬಂಗುಡೆಯ ಕಿವಿರು ಕಿತ್ತು ಹಾಕುವಾಗ ಕಥೆಯ ಮೊದಲ ವಾಕ್ಯ ಬಂತು. ಕೈ ತೊಳೆದು ಪೆನ್ನು ಹಿಡಿಯುವಷ್ಟರಲ್ಲಿ ಹೋಯಿತು. ಹಾಗಾಗಿ ಓದುವವರೇ, ಇದು ಎರಡನೆಯ ವಾಕ್ಯದಿಂದ ಶುರು.

ಕಥೆ ಹೇಗೆ ಶುರು ಮಾಡುವುದು? ರಾತ್ರಿಶಾಲೆಯಲ್ಲಿ ನಮಗೆ ಕಲಿಸಿದ್ದು ಅರ್ಜಿ. ಇವರಿಗೆ, ಇವರಿಂದ, ಮಾನ್ಯರೇ. ಕಥೆಗೆ ಅಂಥ ಫಾರ್ಮ್ಯಾಟ್ ಇಲ್ಲವಂತೆ. (ಅರವತ್ತನೆಯ ವಯಸ್ಸಿನಲ್ಲಿ, ಗಂಡ ಸತ್ತ ಮೇಲೆ ಅಕ್ಷರ ಕಲಿತವಳು ನಾನು. ಫಾರ್ಮ್ಯಾಟ್ ಇಲ್ಲದ್ದು ಎಂದರೆ ಹೆದರಿಕೆ.)

ನಿಜ ಹೇಳುತ್ತೇನೆ. ನಾನು ಬರೆಯಬೇಕಾದದ್ದು ಒಂದು ಕಾಗದ. ಮಳೆಗಾಲದ ಸೋಣೆ ತಿಂಗಳಿಂದ ಬರೆಯುತ್ತಿದ್ದೇನೆ, ಈಗ ಮಾಗಿಯ ಚಳಿ. ಕಾಗದ ಆಗುವುದಿಲ್ಲ ಎಂದು ಕಥೆ ಬರೆಯಲು ಕೂತದ್ದು.

೨

ಊರು ಗಂಗೊಳ್ಳಿಯಿಂದ ಹೆಚ್ಚು ದೂರವಿಲ್ಲ. ಪಂಚಾಯತಿನ ಹೆಸರು ಬರೆಯುವುದಿಲ್ಲ.

ಮುಚ್ಚಿದ ಐಸ್ ಪ್ಲಾಂಟಿನ ಮಾಳಿಗೆಯಲ್ಲಿ ಎರಡು ಕೋಣೆ. ಮನೆಯಲ್ಲಿ ಪೆಟ್ಟು ತಿಂದ ಹೆಂಗಸರು ಅಲ್ಲಿಗೆ ಬರುತ್ತಾರೆ. ಸುಗುಣ ಎಂಬವಳು ಕೇಳಿಸಿಕೊಳ್ಳುತ್ತಾಳೆ. ಬೇಕಾದರೆ ಸ್ಟೇಷನ್ನಿಗೂ ಕುಂದಾಪುರದ ಕೋರ್ಟಿಗೂ ಜೊತೆಗೆ ಹೋಗುತ್ತಾಳೆ. ಒಳಕೋಣೆಯಲ್ಲಿ ಎರಡು ಮಂಚ, ಒಳಗಿನಿಂದ ಹಾಕುವ ಚಿಲಕ. ಬಾಡಿಗೆ, ಸುಗುಣನ ಗೌರವಧನ ಎರಡೂ ಪಂಚಾಯತಿನ ಅನುದಾನ. ಗಂಜಿ ಬೇಯಿಸುವುದು, ರಿಜಿಸ್ಟರ್ ಬರೆಯುವುದು ನನ್ನ ಕೆಲಸ.

ತಪ್ಪು ಆದದ್ದು ಆ ರಿಜಿಸ್ಟರಿನಲ್ಲಿ.

೨ (ಮತ್ತೆ. ಇಲ್ಲಿಂದ ಮುಂದೆ ಮೊದಲು ಬರೆದದ್ದರಲ್ಲಿ ನಾನು ತುಂಬ ಒಳ್ಳೆಯವಳಾಗಿದ್ದೆ, ಆ ಹಾಳೆ ಹರಿದೆ.)

ಮೊದಲು ಬಂದವಳು ಮೀನು ಮಾರುವ ಜಲಜ. ರಿಜಿಸ್ಟರಿನಲ್ಲಿ 'ಬಂದ ಕಾರಣ' ಎಂಬ ಕಲಂ. ಅವಳ ಮೈದುನ ಪಂಚಾಯತಿನಲ್ಲೇ ಗುಮಾಸ್ತ. ತಿಂಗಳಿಗೊಮ್ಮೆ ಪುಸ್ತಕ ಅವನ ಮೇಜಿಗೆ ಹೋಗುತ್ತದೆ.

"ಹೊಲ್ಗಿ ಕಲಿಯೂಕ್ ಬಂದದ್ದ್ ಅಂದ್ ಬರಿನಿ ಸೀತಕ್ಕ," ಅಂದಳು, ಬಾಯಿಗೆ ಸೆರಗು ಒತ್ತಿಕೊಂಡು.

ಬರೆದೆ. ದುಂಡಗೆ, ಚಂದ ಮಾಡಿ ಬರೆದೆ. ಮರುವಾರ ಬಂದವಳಿಗೂ ಹೊಲಿಗೆ. ನಾವುಂದದಿಂದ ಎರಡು ಬಸ್ಸು ಬದಲಿಸಿ ಬಂದವಳಿಗೂ ಹೊಲಿಗೆ. ಯಾರಾದರೂ ಇಣುಕಿದರೆ ಇರಲಿ ಎಂದು ಸುಗುಣ ಒಂದು ಹಾಳು ಮಿಷನ್ನು ತಂದು ಕಿಟಕಿಯ ಹತ್ತಿರ ಇಟ್ಟಳು. ಮೂರು ವರ್ಷ, ಅರವತ್ತಮೂರು ಹೆಂಗಸರು. ಒಬ್ಬಳಿಗೂ ಸೂಜಿಗೆ ನೂಲು ಪೋಣಿಸಿ ತೋರಿಸಿದ್ದಿಲ್ಲ.

ಸೋಣೆಯಲ್ಲಿ ನೋಟಿಸ್ ಬಂತು. "ಹೊಲಿಗೆ ತರಬೇತಿ: ೬೩. ಕೌಟುಂಬಿಕ ಹಿಂಸೆ: ಶೂನ್ಯ. ಸದರಿ ಪ್ರದೇಶದಲ್ಲಿ ಸಮಸ್ಯೆ ಇಲ್ಲದಿರುವುದು ಸಂತೋಷಕರ. ಮುಂದಿನ ಸಾಲಿನಿಂದ ಅನುದಾನ ನಿಲ್ಲಿಸಲು ಪ್ರಸ್ತಾಪಿಸಲಾಗಿದೆ."

(ಇಷ್ಟು ಚಂದದ ವಾಕ್ಯ ನನ್ನ ಕಥೆಯಲ್ಲಿ ಒಂದೂ ಇಲ್ಲ.)

೪

ಮೂರನೆಯದು ಇಲ್ಲ. ಅದರಲ್ಲಿ ಬರೀ ಅಳು ಇತ್ತು.

ಪಂಚಾಯತು ಮೆಂಬರ್ ಅಶೋಕ ನನ್ನ ಮಗ ಚಂದುವಿನ ದೋಸ್ತ, ಕೆಟ್ಟವನಲ್ಲ. ನೋಟಿಸ್ ಹಿಡಿದು ಪಂಚಾಯತಿಗೆ ಹೋದಾಗ ಕುರ್ಚಿ ಎಳೆದು ಕೂರಿಸಿದ.

"ನಮ್ಮೂರಗೆ ಹೆಣ್ಮಕ್ಕಳಿಗೆ ಹೊಡೂರೇ ಇಲ್ಲೆ ಅಂದಾಯ್ತಲೆ ಸೀತಮ್ಮ. ಖುಷಿ ವಿಷ್ಯ ಅಲ್ದಾ? ಹೊಲ್ಗಿಗೆ ಬೇರೆ ಸ್ಕೀಮ್ ಇತ್ತ್."

"ನಿಂಗೆ ಗೊತ್ತಿಲ್ಯಾ ಅಶೋಕ?"

ಅವನು ಫ್ಯಾನು ನೋಡಿದ. "ನಂಗ್ ಗೊತ್ತಿದ್ದ್ ಎಂತ ಮಾಡೂದ್? ಫೈಲಂಗೆ ಬೇಕಲೆ. ಒಂದೇ ಒಂದ್ ಹೆಂಗ್ಸ್ ಸೈನ್ ಹಾಯ್ಕಿ ಬರ್ದ್ ಕೊಡ್ಲಿ. ಮೀಟಿಂಗಂಗೆ ನಾನೇ ದೊಡ್ಡಕ್ ಓದ್ತೆ."

ಆ ಮೀಟಿಂಗು ಈಗ ಬಂದಿದೆ, ಬರುವ ಗುರುವಾರ.

೫

ಇಲ್ಲಿ ಜಲಜ ಕಥೆಯೊಳಗೆ ಬಂದು ಕೂರುತ್ತಾಳೆ. ನಾನು ಕರೆದದ್ದಲ್ಲ.

"ಹ್ವಾಯ್ ಸೀತಕ್ಕ, ನನ್ನ ಎಂತಕ್ ಎಳ್ದದ್ದ್ ಇದ್ರಗೆ?"

ಹೆಸರು ಬದಲು ಮಾಡಿದ್ದೇನೆ ಮಾರಾಯ್ತಿ.

"ಹೆಸ್ರ್ ಬದ್ಲ್ ಮಾಡ್ರೆ ಆಯ್ತಾ? ಎದ್ರಿನ್ ಹಲ್ಲಿಲ್ದೆ ಮೀನ್ ಮಾರೂಳ್ ಈ ಪ್ಯಾಟಿಯಂಗೆ ನಾನೊಬ್ಳೇ."

ಕಥೆಯಲ್ಲಿ ಹಲ್ಲು ಕಟ್ಟಿಸಿ ಕೊಡಲೇ?

"ಎರಡೂ ಕಟ್ಸಿ. ಕಥಿ ಅಲ್ದಾ, ಖರ್ಚಿಲ್ಲೆ." ನಕ್ಕಳು. ಆಮೇಲೆ ನಗಲಿಲ್ಲ. "ಸೈನ್ ಹಾಕೂಕ್ ಮಾತ್ರ ಹೇಳ್ಬೇಡಿ. ಗಂಡ ಇನ್ನೂ ಮನಿಯಂಗೇ ಇದ್ದ. ಮೊನ್ನೆ ಸಹ ನಾ ಆ ಕೋಣಿಗೆ ಓಡಿ ಬಂದದ್ದ್. ಅದ್ ಮುಚ್ಚಿರೆ ನಾ ಎಲ್ಲಿಗ್ ಹೋಪ್ದ್?"

ಸಹಿಯೂ ಬೇಡ, ಮುಚ್ಚುವುದೂ ಬೇಡ. ಇಂಥ ಪಾತ್ರವನ್ನು ಇಟ್ಟುಕೊಂಡು ಕಥೆಗಾರರು ಏನು ಮಾಡುತ್ತಾರೋ ನನಗೆ ಗೊತ್ತಿಲ್ಲ. ನಾನು ಎರಡು ಮುಕ್ತಾಯ ಮಾಡಿ ಅವಳ ಮುಂದೆ ಇಟ್ಟೆ.

ಮುಕ್ತಾಯ ಅ: ಅರವತ್ತಮೂರು ಹೆಂಗಸರೂ ಒಟ್ಟಿಗೆ ಪಂಚಾಯತಿಗೆ ನುಗ್ಗುತ್ತಾರೆ. ಅಧ್ಯಕ್ಷರ ಕಣ್ಣಲ್ಲಿ ನೀರು. ಅನುದಾನ ಡಬ್ಬಲ್.

"ಇದ್ ಟೀವಿಯಂಗೆ ಆಪ್ದ್," ಎಂದಳು ಜಲಜ.

ಮುಕ್ತಾಯ ಆ: ಕೋಣೆ ಮುಚ್ಚುತ್ತದೆ. ಸುಗುಣ ಮಂಗಳೂರಲ್ಲಿ ಕೆಲಸ ಹಿಡಿಯುತ್ತಾಳೆ. ಒಂದು ದಿನ ಜಲಜ...

"ಅಷ್ಟಕ್ಕೇ ನಿಲ್ಸಿ."

ನಿಲ್ಲಿಸಿದೆ.

"ಸೀತಕ್ಕ, ಒಂದ್ ಕೇಂಬುದಾ?" ಕೇಳುವಾಗ ಅವಳು ನನ್ನ ಮುಖ ನೋಡಲಿಲ್ಲ. "ಹೊಲ್ಗಿ ಅಂದ್ ಬರಿನಿ ಅಂದ ಕೂಡ್ಲೆ ಬರ್ದ್ರಿ. ಎಂತಕೆ ಅಂದ್ ಕೇಂಡದ್ದೇ ಇಲ್ಲೆ ನೀವ್. ಬೇರೆಯವ್ರ್ ಆದ್ರೆ ಕೇಣ್ತಿದ್ರ್."

೬

(ಈ ಭಾಗಕ್ಕೆ ಆವರಣ ಹಾಕಿದ್ದೇನೆ. ಬೇಡವಾದರೆ ದಾಟಿ ಹೋಗಿ. ನಾನು ಮೂವತ್ತೊಂದು ವರ್ಷ ದಾಟಿಯೇ ಹೋದದ್ದು.

ನನ್ನ ಎಡಗೈಯ ಮಣಿಕಟ್ಟು ತಿರುಗುವುದಿಲ್ಲ. ಬಂದರದ ಮೆಟ್ಟಿಲಲ್ಲಿ ಜಾರಿ ಬಿದ್ದದ್ದು ಎಂದು ಆಸ್ಪತ್ರೆಯ ಚೀಟಿಯಲ್ಲಿ ಬರೆಸಿದವಳು ನಾನೇ. ಇನ್ನೊಮ್ಮೆ ಬಾವಿಕಟ್ಟೆ. ಮತ್ತೊಮ್ಮೆ ದನ ಹಾಯ್ದದ್ದು; ನಮ್ಮಲ್ಲಿ ದನವೇ ಇರಲಿಲ್ಲ. ಬರೆಯಲು ಬಾರದ ಕಾಲದಿಂದಲೂ ಕಾರಣ ಬರೆಸುವುದು ನನಗೆ ಅಭ್ಯಾಸ. ಅಕ್ಷರ ಬಂದ ಮೇಲೆ ಆ ಅಭ್ಯಾಸವನ್ನೇ ಅರವತ್ತಮೂರು ಹೆಂಗಸರ ಹೆಸರಿನ ಮುಂದೆ ದುಂಡಗೆ ಬರೆದೆ. ಅವರನ್ನು ಕಾಪಾಡುತ್ತಿದ್ದೇನೆ ಎಂದು ತಿಳಿದಿದ್ದೆ.

ಚಂದುವಿಗೆ ಗೊತ್ತಿಲ್ಲ. ಅವನು ಬೋಟಿಗೆ ಇಳಿಯುವ ಮೊದಲು ಅಪ್ಪನ ಫೋಟೋಕ್ಕೆ ಕೈ ಮುಗಿಯುತ್ತಾನೆ. ಅವನ ಅಪ್ಪ ಸಮುದ್ರದಲ್ಲಿ ಮೂವರ ಜೀವ ಉಳಿಸಿದವರು. ಅದೂ ನಿಜ.)

೭

ಕೊನೆಗೆ ಕಾಗದ ಆಯಿತು. ಫಾರ್ಮ್ಯಾಟಿನಲ್ಲೇ.

ಮಾನ್ಯರೇ, ರಿಜಿಸ್ಟರಿನಲ್ಲಿ ಹೊಲಿಗೆ ಎಂದು ಬರೆದದ್ದು ಸುಳ್ಳು. ಬರೆದವಳು ನಾನು, ಶಿಕ್ಷೆ ಇದ್ದರೆ ನನಗೆ ಕೊಡಿ. ಅಲ್ಲಿ ಬಂದವರ ಹೆಸರು ಹೇಳುವುದಿಲ್ಲ. ನನ್ನ ಹೆಸರು ಹೇಳುತ್ತೇನೆ. ನನಗೆ ಹೊಡೆದವರ ಹೆಸರು ಹೇಳುತ್ತೇನೆ. ಅವರು ಹೋಗಿ ಹನ್ನೊಂದು ವರ್ಷವಾಯಿತು. ಆಗ ಇಂಥ ಕೋಣೆ ಇರಲಿಲ್ಲ. ಈಗ ಇದೆ, ಇರಲಿ.

ಪಂಚಾಯತಿನಲ್ಲಿ ಕೈಯಲ್ಲಿ ಕೊಟ್ಟರೆ ಜಲಜನ ಮೈದುನನ ಮೇಜಿಗೆ ಹೋಗಿ ಅಲ್ಲೇ ಮಲಗುತ್ತದೆ. ಅದಕ್ಕೆ ಹೆಮ್ಮಾಡಿಯ ಪೋಸ್ಟಾಫೀಸಿಗೆ ಹೋದೆ, ಅಶೋಕನ ಮನೆಯ ವಿಳಾಸಕ್ಕೆ ಸ್ಪೀಡ್ ಪೋಸ್ಟ್. ಚಂದುವಿನ ಬೋಟು ಬುಧವಾರ ದಡಕ್ಕೆ ಬರಬಹುದು, ಗುರುವಾರ ಬರಬಹುದು. ಅಶೋಕ ದೊಡ್ಡದಾಗಿ ಓದುವ ಮೊದಲು ನಾನೇ ಚಂದುವಿಗೆ ಹೇಳುತ್ತೇನೋ, ಗೊತ್ತಿಲ್ಲ. ಮುಕ್ತಾಯ ಇ ಏನು ಎಂದು ನೀವು ಕೇಳಬಹುದು. ಇವತ್ತು ಸೋಮವಾರ. ಗುರುವಾರವನ್ನು ಸೋಮವಾರ ಬರೆಯುವ ಧೈರ್ಯ ನನಗಿಲ್ಲ. ಇನ್ನೊಮ್ಮೆ ಸುಳ್ಳು ಬರೆಯಲಾರೆ.

ಕೌಂಟರಿನ ಹುಡುಗಿ ಕಂಪ್ಯೂಟರ್ ನೋಡುತ್ತಲೇ ಕೇಳಿದಳು, "ಕಳ್ಸುವರ್ ಹೆಸ್ರ್?"

"ಸೀತು."

"ಸೀತು ಅಂದ್ರೆ ನಿಮ್ಮೂರಗೆ ನಾಲ್ಕ್ ಜನ ಇದ್ರ್ ಅಮ್ಮ. ಗಂಡನ್ ಹೆಸ್ರ್ ಹಾಕ್ಲ್ಯಾ?"

"ಬ್ಯಾಡ," ಎಂದೆ. "ಅದ್ ಒಳ್ಗ್ ಇತ್ತ್."

ಅವಳು ತಲೆಯೆತ್ತಿ ನನ್ನನ್ನು ಒಮ್ಮೆ ನೋಡಿದಳು. ಏನೂ ಕೇಳದೆ ಲಕೋಟೆಯನ್ನು ತನ್ನ ಕಡೆಗೆ ಎಳೆದುಕೊಂಡಳು.