ಮುಟ್ಟದ ಗಹ್ವಾ

ಶೇಖ್ ಘಾನಿಮ್ ಸೈನ್ಯದಲ್ಲಿ ಕರ್ನಲ್ ಆಗಿದ್ದವರು. ೨೦೧೩ರಲ್ಲಿ ತರಬೇತಿಯ ಹೆಲಿಕಾಪ್ಟರ್ ಮರಳಿಗೆ ಬಿದ್ದು ಎಡಗಾಲು ಮುರಿಯಿತು. ಕಾಲು ಸರಿಹೋಗಲು ಕಾಲ ಬೇಕೆಂದು ಮನೆತನದ ಹಿರಿಯರು ಅವರನ್ನು ಅಬುಧಾಬಿಯ ಸರಕಾರಿ ಇಲಾಖೆಯೊಂದರ ಮುಖ್ಯಸ್ಥರಾಗಿ ಕೂರಿಸಿದರು. ಎರಡು ವರ್ಷದಲ್ಲಿ ಕಾಲು ನೆಟ್ಟಗಾಯಿತು. ಕುರ್ಚಿ ಮಾತ್ರ ಅವರನ್ನು ಬಿಡಲಿಲ್ಲ.

ಅವರ ಕಾರ್ಯದರ್ಶಿ ಮಂಗಳೂರು ಕುಲಶೇಖರದ ಕ್ಲಾರೆನ್ಸ್. ಶೇಖರು ಮೀಟಿಂಗಿಗೆ ಹೋದರೆ ಪ್ಯಾಂಟ್ರಿಯಲ್ಲಿ ಇವನೇ ಶೇಖ್. ಹುಬ್ಬು ಗಂಟಿಕ್ಕಿ, ಕುಂಟುತ್ತಾ ಗುಡುಗುತ್ತಿದ್ದ: "ಯಲ್ಲಾ ಕ್ಲಾರೆನ್ಸ್! ಈ ಫೈಲಿಗೆ ಗುಂಡು ಹೊಡೆಯಲಿಕ್ಕೆ ರೂಲ್ ಉಂಟಾ?"

ಒಂದು ದಿನ ತಿರುಗಿದರೆ ಹಿಂದೆ ಶೇಖರೇ. "ಧ್ವನಿ ಸರಿ, ನಡಿಗೆ ತಪ್ಪು," ಎಂದವರೇ ಬಾಗಿಲವರೆಗೆ ಕುಂಟದೆ ನಡೆದು ತೋರಿಸಿದರು. ಆಮೇಲೆ ಕೇಳಿದರು: "ಇದನ್ನು ದೊಡ್ಡಪ್ಪನಿಗೆ ಹೇಗೆ ತೋರಿಸಲಿ?"

ಮರಳಿ ಸೈನ್ಯದ ತಮ್ಮ ದಳ ಸೇರಲು ದೊಡ್ಡಪ್ಪ ಶೇಖ್ ಮತರ್ ಒಪ್ಪಬೇಕಿತ್ತು. ಅವರು ಪ್ರತಿ ಸಲವೂ "ನೋಡೋಣ" ಎನ್ನುತ್ತಿದ್ದರು.

ಶುಕ್ರವಾರ ದೊಡ್ಡಪ್ಪನ ಮಜ್ಲಿಸ್‌ಗೆ, ಅಂದರೆ ವಾರದ ಸಭೆಗೆ, ಹೋಗುವಾಗ ಕಾರಿನಲ್ಲಿ ಘಾನಿಮ್ ಕ್ಲಾರೆನ್ಸ್‌ಗೆ ಹೇಳಿದರು: "ಇವತ್ತು ಬಾಯಿಂದ ಕೇಳುವುದಿಲ್ಲ. ಬಟ್ಟಲಿನಿಂದ ಕೇಳುತ್ತೇನೆ."

ಅಲ್ಲಿಯ ಪದ್ಧತಿ ಅದು. ಕೋರಿಕೆ ಇದ್ದವನು ಗಹ್ವಾ, ಅಂದರೆ ಅರಬ್ಬಿ ಕಾಫಿ, ಕುಡಿಯದೆ ಬಟ್ಟಲನ್ನು ಕೆಳಗಿಡುತ್ತಾನೆ. ಯಾಕೆಂದು ಹಿರಿಯರು ಕೇಳಬೇಕು. ಕೇಳಿದ ಮೇಲೆ ಬರಿಗೈಯಲ್ಲಿ ಕಳಿಸುವುದು ಅವರಿಗೆ ಕಷ್ಟ.

ಘಾನಿಮ್ ಬಟ್ಟಲು ಇಟ್ಟರು. ದೊಡ್ಡಪ್ಪ ಅದನ್ನು ಚೆನ್ನಾಗಿಯೇ ನೋಡಿದರು, ನೋಡಿದ್ದೇ ತಮ್ಮ ಗಿಡುಗಕ್ಕೆ ಬಂದ ನೆಗಡಿಯ ಕತೆ ಶುರು ಮಾಡಿದರು. ಸಭೆಯೆಲ್ಲ ಗಿಡುಗಕ್ಕೆ ಮರುಗಿತು.

ಗಹ್ವಾ ಹಂಚುತ್ತಿದ್ದವರು ಮಂಗಳೂರು ಕಡೆಯವರೇ ಆದ ಉಮ್ಮರಬ್ಬ. ದುಬೈಯ ಜೆಬೆಲ್ ಅಲಿಯ ಕ್ಯಾಂಟೀನಿನಿಂದ ಅದೇ ವಾರ ಇಲ್ಲಿಗೆ ಬಂದಿದ್ದರು. ಬಾಗಿಲ ಬಳಿ ಕ್ಲಾರೆನ್ಸ್‌ನ ಕಿವಿಯಲ್ಲಿ, ಊರಲ್ಲಿ ಕ್ರೈಸ್ತರನ್ನು ಕರೆಯುವ ಹಾಗೆಯೇ ಕರೆದು, ಪಿಸುಗುಟ್ಟಿದರು: "ಪೊರ್ಬುಗಳೇ, ನಿಮ್ಮ ಶೇಖರದ್ದು ಆರಿ ಹೋಯ್ತಲ್ಲ. ಬದಲಿಸಿ ಕೊಡ್ತೇನೆ."

"ಬೇಡ ಕಾಕಾ, ಅದು..."

ಕಾಕಾ ಆಗಲೇ ಹೋಗಿಯಾಗಿತ್ತು. ಹಳೆಯದನ್ನು ಚೆಲ್ಲಿ ಬಿಸಿಯದನ್ನು ಕೊಟ್ಟರು. ಘಾನಿಮ್ ತೆಗೆದುಕೊಂಡು ಅಲ್ಲೇ ಇಟ್ಟರು. ಟಕ್. ಗಿಡುಗದ ನೆಗಡಿ ಔಷಧಿಯವರೆಗೆ ಬಂದಿತ್ತು. ಸ್ವಲ್ಪ ಹೊತ್ತಿಗೆ ಉಮ್ಮರಬ್ಬ ಮತ್ತೆ ಬದಲಿಸಿದರು. ಮತ್ತೆ ಟಕ್. ಈಗ ಎಲ್ಲರ ಕಣ್ಣೂ ಬಟ್ಟಲಿನ ಮೇಲೆ.

ಉಮ್ಮರಬ್ಬನವರ ಮುಖ ಬಾಡಿತು. ಸೀದಾ ದೊಡ್ಡಪ್ಪನ ಕಡೆ ತಿರುಗಿ, ಚೆನ್ನಾಗಿಲ್ಲವೇ ಎಂದು ಹರಕು ಅರಬ್ಬಿಯಲ್ಲಿ ಕೇಳಿದರು: "ಗಹ್ವಾ ಮಾಫಿ ಗುಡ್, ಶೇಖ್? ಏಲಕ್ಕಿ ಜಾಸ್ತಿ?"

ಕ್ಲಾರೆನ್ಸ್ ಕಣ್ಣು ಮುಚ್ಚಿಕೊಂಡ. ದೊಡ್ಡಪ್ಪನಿಗೆ ಅಡಗಲು ಇನ್ನು ಗಿಡುಗ ಉಳಿದಿರಲಿಲ್ಲ.

"ಘಾನಿಮ್, ಯಾಕೆ ಕುಡಿಯುವುದಿಲ್ಲ?"

"ನನ್ನ ದಳ ವಾಪಸು ಬೇಕು, ದೊಡ್ಡಪ್ಪ."

"ನಿನ್ನ ಕಾಲು?"

ಘಾನಿಮ್ ಕೈ ಊರದೆ ಎದ್ದರು. ಉದ್ದನೆಯ ರತ್ನಗಂಬಳಿಯ ಮೇಲೆ ನಡೆದರು. ನಡುವೆ ಒಮ್ಮೆ ಮಂಡಿ ನಡುಗಿತು. ಕ್ಲಾರೆನ್ಸ್ ಧಾವಿಸಲು ಹೊರಟವನು ತಡೆದುಕೊಂಡ. ಅವರು ನಿಂತರು, ಉಸಿರೆಳೆದರು, ಅದೇ ಕಾಲನ್ನು ಮುಂದಿಟ್ಟರು. ದೊಡ್ಡಪ್ಪನ ಎದುರು ಹೋಗಿ ನಿಂತರು.

"ಮತ್ತೆ ಬೀಳುತ್ತೀ, ಮಗನೇ."

"ಬಿದ್ದರೆ ಏಳುತ್ತೇನೆ. ಕೂತಲ್ಲಿಂದ ಏಳುವುದೇ ಕಷ್ಟವಾಗಿತ್ತು."

ಮುದುಕರು ಬಹಳ ಹೊತ್ತು ಆ ಕಾಲನ್ನೇ ನೋಡಿದರು. ಆಮೇಲೆ ಉಮ್ಮರಬ್ಬನವರಿಂದ ಬಟ್ಟಲು ತೆಗೆದುಕೊಂಡು ತಾವೇ ಚಾಚಿದರು: "ಕುಡಿ. ನಾಳೆ ಸೈನ್ಯಕ್ಕೆ ಹೇಳುತ್ತೇನೆ."

ಘಾನಿಮ್ ಒಂದೇ ಗುಟುಕಿಗೆ ಕುಡಿದರು.

ಉಮ್ಮರಬ್ಬ ಬಾಗಿಲಿಗೆ ಬಂದು ಹಣೆ ಒರೆಸಿಕೊಂಡರು. "ನಾನು ಹೇಳ್ಲಿಲ್ವಾ ಪೊರ್ಬುಗಳೇ, ಬಿಸಿ ಇದ್ರೆ ಕುಡೀತಾರೆ ಅಂತ!"