ಬಾ ಲಕ್ಕಿ

ಧುಪದಾಳದ ಬಂಗಲೆಯ ಹಿತ್ತಿಲ ಕಟ್ಟೆಯ ಮೇಲೆ ಕೂತು ಲಕ್ಕವ್ವ ಹಾಲು ಅಳೆದು ಹಾಕುತ್ತಿದ್ದಳು. ಇನ್ನೊಂದು ಶೇರು ಪಾತೇಲಿಗೆ ಬೀಳಬೇಕು, ಅಷ್ಟರಲ್ಲಿ ಮುಂದಿನ ಅಂಗಳದಿಂದ ಮೇಮಸಾಹೇಬರ ದನಿ ಕೇಳಿತು.

"ಬಾ ಲಕ್ಕೀ!"

ಲಕ್ಕವ್ವನ ಕೈ ನಿಂತಿತು. ಅದೇ ರಾಗ, ಅದೇ ಎಳೆತ.

"ಅವ್ವಾ, ನಿನ್ನ ಕರ್ಯಾಕತ್ತಾರ! ನಿನ್ನ ಎಲಿಸವ್ವ ಕರದಂಗ!" ಪಕ್ಕದಲ್ಲಿದ್ದ ಮಗಳು ಮಾಯವ್ವ ಹಿಗ್ಗಿದಳು.

ಎಲಿಸವ್ವನ ಕಥೆ ಮಾಯವ್ವನಿಗೆ ಬಾಯಿಪಾಠ. ಲಕ್ಕವ್ವನ ಅಪ್ಪ ಹೊಳೆಪ್ಪ ಒಡ್ಡಿನ ತೂಬು ಕಾಯುತ್ತಿದ್ದ ಕಾಲದಲ್ಲಿ ಈ ಬಂಗಲೆಯಲ್ಲಿ ಬೇರೊಬ್ಬ ಸಾಹೇಬನಿದ್ದ. ಅವನ ಮಗಳು ಎಲ್ಸಿ. ಊರವರ ಬಾಯಲ್ಲಿ ಎಲಿಸವ್ವ. ಅವಳೂ ಚಿಕ್ಕ ಲಕ್ಕವ್ವನೂ ಹೊಳೆಯ ಹಸಿ ಮಳಲಲ್ಲಿ ಮನೆ ಕಟ್ಟಿದರು, ಒಂದೇ ಪೇರಲ ಹಣ್ಣು ಕಚ್ಚಿ ತಿಂದರು. ಆ ಬಿಳಿ ಹುಡುಗಿಗೆ ಬರುತ್ತಿದ್ದ ಕನ್ನಡ ಅಷ್ಟೇ: ಬಾ ಲಕ್ಕಿ. ಗೋಕಾಕ ರೋಡ್ ಸ್ಟೇಷನ್ನಿನಲ್ಲಿ ಗಾಡಿ ಬಿಟ್ಟಾಗಲೂ ಕಿಟಕಿಯಿಂದ ಕೈ ಚಾಚಿ, ಅಳುತ್ತ, ಅದನ್ನೇ ಕೂಗಿದ್ದಳು. ಲಕ್ಕವ್ವ ಕಾಲು ಸೋಲುವ ತನಕ ಗಾಡಿಯ ಹಿಂದೆ ಓಡಿದ್ದಳು.

"ಸಾಹೇಬನ ಮಗಳು ನನ್ನ ಸಲುವಾಗಿ ನಮ್ಮ ಮಾತ ಕಲ್ತಿದ್ಲು" ಎಂದು ಗಂಡನ ಮನೆಯಲ್ಲಿ ಎದೆಯೆತ್ತಿ ಹೇಳಿಕೊಂಡವಳು ಅವಳು. ಮೊನ್ನೆ ತಾನೇ ಬಂದ ಈ ಮೇಮಸಾಹೇಬರ ಮಗಳಿಗೆ ಆಡಲು ಜೊತೆ ಬೇಕಂತೆ ಎಂಬ ಸುದ್ದಿ ಬಂದಾಗ ಮಾಯವ್ವನ ತಲೆಗೆ ಎಣ್ಣೆ ಹಚ್ಚಿ, ಹೆಣಲು ಹಾಕಿ ಕರೆತಂದದ್ದೂ ಅದೇ ಹಿಗ್ಗಿನಲ್ಲಿ.

"ಬಾ ಲಕ್ಕೀ!"

"ಬಂದ್ನಿರಿ ಬಾಯಾರ!" ಲಕ್ಕವ್ವ ಸೆರಗು ಹೊದ್ದು ಎದ್ದಳು. ಕರಿ ನಾಯಿಯೊಂದು ಅವಳ ಸೀರೆ ಸವರಿಕೊಂಡು ಅಂಗಳದ ಕಡೆಗೆ ಓಡಿತು. ಮಾಯವ್ವ ಕಿಲಕಿಲ ನಗುತ್ತ ಅದರ ಬೆನ್ನು ಹತ್ತಿದಳು.

ಅಡಿಗೆಮನೆಯ ಬಾಗಿಲಲ್ಲಿ ಬಟ್ಲರ ಮಾಲಿಂಗಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕ. "ನೀ ಎಲ್ಲಿಗಿ ಹೊಂಟಿ ಯವ್ವಾ? ನಾಯಿಗಿ ಹಾಕೂ ಬಿಸ್ಕೀಟ ನಿನಗ ಬೇಕಾತೇನ?"

"ನನ್ನ ಹೆಸರ ಹಿಡದ ಕರದ್ರಲ್ರಿ ಕಾಕಾ."

"ನಿನ್ನ ಹೆಸರ ಅವರಿಗೇನ ಗೊತ್ತ? ಅದು ನಾಯಿ ಹೆಸರು, ಬ್ಲ್ಯಾಕಿ. ಅವರ ಮಾತಿನ್ಯಾಗ ಬ್ಲ್ಯಾಕ ಅಂದ್ರ ಕಪ್ಪು. ನಾವು ಕರಿಯಾ ಅಂತೀವಲ್ಲ, ಹಂಗ."

ಲಕ್ಕವ್ವ ಕಟ್ಟೆ ಹಿಡಿದು ಕೂತಳು. ಎಲಿಸವ್ವ ಕೂಗಿದ ಬಾ ಎಂಬುದು ಬಾ ಅಲ್ಲ. ಲಕ್ಕಿ ಎಂಬುದು ತಾನಲ್ಲ. ತನ್ನ ಕರಿ ಮುಂಗೈಯನ್ನು ಬೇರೆ ಯಾರದೋ ಎಂಬಂತೆ ನೋಡಿದಳು. ಆ ಪೇರಲ ಹಣ್ಣು? ಕೊಟ್ಟದ್ದೋ, ಎಸೆದದ್ದೋ? ಎಷ್ಟು ತಡಕಾಡಿದರೂ ನೆನಪಾಗಲಿಲ್ಲ. ಆದರೆ ಗಾಡಿಯ ಕಿಟಕಿಯಲ್ಲಿ ಮುಖ ಕೆಂಪಾಗಿಸಿಕೊಂಡು ಅತ್ತಿದ್ದಳಲ್ಲ, ಅದಂತೂ ಖರೆ.

ನಾಯಿಯನ್ನು ಬಿಟ್ಟು ಹೋಗುವಾಗಲೂ ಮಕ್ಕಳು ಅಳುತ್ತಾರೆ.

"ಹುಡುಗೀನ ಬಿಟ್ಟ ಹೋಗು, ಸಂಜೀಕ ಬಂದ ಕರಕೊಂಡ ಹೋಗೀಯಂತ," ಎಂದ ಮಾಲಿಂಗಪ್ಪ. "ಇನ್ನೂ ನಾಕ ಮನಿಗಿ ಹಾಲ ಹಾಕೂದೈತೆಲ್ಲ?"

"ಹಾಕಿದ್ರಾತ ತಗೋರಿ."

ಲಕ್ಕವ್ವ ಬಂಗಲೆಯನ್ನು ಸುತ್ತಿ ಅಂಗಳಕ್ಕೆ ಬಂದಳು. ಬೇವಿನ ಗಿಡದ ಕೆಳಗೆ ಮಾಯವ್ವನೂ ಮೇಮಸಾಹೇಬರ ಮಗಳೂ ಎದುರುಬದುರು ಕೂತಿದ್ದರು. ಲಕ್ಕವ್ವ ದಣಿದವಳಂತೆ ಗೋಡೆಯ ನೆರಳಿಗೆ ಕುಕ್ಕರಿಸಿದಳು. ಆ ಹುಡುಗಿ ಮಾಯವ್ವ ಎಂದು ಕರೆದರೆ ಮಗಳನ್ನು ಬಿಟ್ಟು ಹೋಗುವುದು. ಬೇರೇನಾದರೂ ಅಂದರೆ ಎಬ್ಬಿಸಿಕೊಂಡು ಹೋಗುವುದು, ಮತ್ತೆ ಈ ಕಡೆ ತರುವುದಿಲ್ಲ.

ಮಾಯವ್ವ ಎದೆಯ ಮೇಲೆ ಕೈ ಇಟ್ಟು ತನ್ನ ಹೆಸರು ಹೇಳಿದಳು. ಬಿಳಿ ಹುಡುಗಿ ಕತ್ತು ಓರೆ ಮಾಡಿ ಅವಳನ್ನೇ ನೋಡಿದಳು. ಆಮೇಲೆ ಏನೋ ಹೇಳಲು, ಮಾಯವ್ವ ಎನ್ನಲೋ ಬ್ಲ್ಯಾಕಿ ಎನ್ನಲೋ, ತುಟಿಗೆ ತುಟಿ ಕೂಡಿಸಿದಳು.